ಕರ್ನಲ್ ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ಕುಣಿಯುತ್ತಿದೆಯಾ? ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ

ಒಂದು ರಾತ್ರಿ ಉಬುಂಟು ಲಿನಕ್ಸ್‌ಗೆ ಅಪ್‌ಡೇಟ್ ಹಾಕಿ ಮಲಗಿದ್ದೆ. ಅದರಲ್ಲಿ ಹೊಸ ಕರ್ನಲ್ಲೂ ಇತ್ತು (ಕರ್ನಲ್ ಅಂದರೆ ಹಾರ್ಡ್‌ವೇರನ್ನು ನಡೆಸುವ, ಲಿನಕ್ಸ್‌ನ ತಿರುಳಿನ ಭಾಗ). ಬೆಳಿಗ್ಗೆ ನೋಡಿದರೆ ಪರದೆಯ ಕೆಳಗಿನ ಒಂದು ಪಟ್ಟಿ ಮಾತ್ರ ಹಳೆಯ ಚಿತ್ರದಲ್ಲೇ ನಿಂತಿತ್ತು. ವಿಂಡೋ ಮುಚ್ಚಿದರೂ ಅದರ ಅಂಚು ಅಲ್ಲೇ ಅಂಟಿಕೊಂಡಿತ್ತು. ವೀಡಿಯೊ ಹಾಕಿದರೆ ಎಲ್ಲ ಸರಿ, ನಿಲ್ಲಿಸಿದರೆ ಮತ್ತೆ ಅದೇ ಕಥೆ. ರಿಪೇರಿ ಅಂಗಡಿಯಲ್ಲಿ ಒಂದು ನಿಮಿಷ ನೋಡಿ "ಡಿಸ್‌ಪ್ಲೇ ಹೋಗಿದೆ, ಬದಲಾಯಿಸಬೇಕು" ಅಂದರು. ಆ ಡಿಸ್‌ಪ್ಲೇ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಆಗ ಕಲಿತದ್ದನ್ನು ಬರೆದಿಟ್ಟಿದ್ದೇನೆ. ಕಮಾಂಡುಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ.

ಮೊದಲ ಕೆಲಸ, ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿ ನೋಡುವುದು. ಉಬುಂಟು ಹಿಂದಿನ ಕರ್ನಲನ್ನು ಅಳಿಸದೆ ಇಟ್ಟಿರುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಸಾಮಾನ್ಯವಾಗಿ ಮೂರು ಇಡುತ್ತದೆ. ಆರ್ಚ್‌ನಲ್ಲಿ ಹಾಗಿಲ್ಲ, ಹೊಸದು ಬಂದರೆ ಹಳೆಯದು ಹೋಯಿತು. ಅದಕ್ಕೇ ಆರ್ಚ್ ಬಳಸುವವರು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಕರ್ನಲನ್ನೂ ಜೊತೆಗೆ ಹಾಕಿಕೊಂಡಿರುವುದು ಒಳ್ಳೆಯದು. ಯಂತ್ರ ಆನ್ ಆಗುತ್ತಿದ್ದಂತೆ ಎಸ್ಕೇಪ್ ಒತ್ತಿದರೆ (ಹಳೆಯ ಬಯೋಸ್ ಆದರೆ ಶಿಫ್ಟ್) ಗ್ರಬ್ ಮೆನು, ಅಂದರೆ ಯಾವುದನ್ನು ಬೂಟ್ ಮಾಡಬೇಕೆಂದು ಕೇಳುವ ಪಟ್ಟಿ, ಬರುತ್ತದೆ. ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯದನ್ನು ಆರಿಸಿ. ಬೂಟ್ ಆದ ಮೇಲೆ ಯುನೇಮ್ ಹೈಫನ್ ಆರ್ ಕೊಟ್ಟು ಯಾವುದು ಓಡುತ್ತಿದೆ ಅಂತ ಖಚಿತ ಮಾಡಿಕೊಳ್ಳಿ.

ಹಳೆಯದರಲ್ಲಿ ಸ್ಕ್ರೀನ್ ಸರಿಯಿದ್ದರೆ ಅನುಮಾನ ಕರ್ನಲ್ ಮೇಲೆ. ಅದರಲ್ಲೂ ಕೆಟ್ಟಿದ್ದರೆ? ಇಲ್ಲಿ ತುಂಬ ಜನ ಎಡವುತ್ತಾರೆ. ಅದೇ ಅಪ್‌ಡೇಟ್ ಜೊತೆ ಮೆಸಾ (ಚಿತ್ರ ಬರೆಯಲು ಆ್ಯಪ್‌ಗಳು ಬಳಸುವ ಗ್ರಾಫಿಕ್ಸ್ ತಂತ್ರಾಂಶ) ಮತ್ತು ಫರ್ಮ್‌ವೇರ್ (ಚಿಪ್‌ನ ಒಳಗೇ ಓಡುವ ತಂತ್ರಾಂಶ) ಪ್ಯಾಕೇಜುಗಳೂ ಬಂದಿರಬಹುದು. ಕರ್ನಲ್ ಬದಲಾದ ದಿನವೇ ಕೆಟ್ಟಿತು ಎಂದ ಮಾತ್ರಕ್ಕೆ ಕರ್ನಲ್ಲೇ ಕೆಡಿಸಿತು ಅಂತಲ್ಲ.

ಈಗ ಸ್ಕ್ರೀನ್‌ಶಾಟ್ ವಿಷಯ. ಪರದೆಗೆ ಚಿತ್ರ ಬರುವುದು ಎರಡು ಹಂತದಲ್ಲಿ. ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಚಿತ್ರ ಬರೆದು ಮೆಮೊರಿಯಲ್ಲಿ ಇಡುತ್ತದೆ. ಡಿಸ್‌ಪ್ಲೇ ಭಾಗ ಅದನ್ನು ಎತ್ತಿಕೊಂಡು ಪ್ಯಾನೆಲ್‌ಗೆ ಸಾಗಿಸುತ್ತದೆ. ಸ್ಕ್ರೀನ್‌ಶಾಟ್ ಸಿಗುವುದು ಮೊದಲ ಹಂತದಿಂದ. ಹಾಗಾಗಿ ಗೆರೆ ಕಾಣುತ್ತಿರುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಿನಲ್ಲೂ ಗೆರೆ ಇದ್ದರೆ ಬರೆಯುವ ಕಡೆ ತೊಂದರೆ: ಮೆಸಾ, ಡೆಸ್ಕ್‌ಟಾಪ್ ಅಥವಾ ಜಿಪಿಯು ಡ್ರೈವರ್. ಚಿತ್ರ ಸ್ವಚ್ಛವಾಗಿದ್ದರೆ ಸಾಗಿಸುವ ಕಡೆ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಸುಮ್ನೆ ಕಂಡಕಂಡ ಆಯ್ಕೆಗಳನ್ನೆಲ್ಲ ಹಾಕಿ ನಾನು ಎರಡು ದಿನ ಕಳೆದೆ.

ಲಾಗ್‌ನಲ್ಲೂ ಇದೇ ಭಾಗ ಕಾಣುತ್ತದೆ. ಜರ್ನಲ್‌ಸಿಟಿಎಲ್ ಹೈಫನ್ ಕೆ ಕೊಟ್ಟರೆ ಈಗಿನ ಬೂಟ್‌ನ ಕರ್ನಲ್ ಸಂದೇಶಗಳು ಬರುತ್ತವೆ. ಜಿಪಿಯು ಹ್ಯಾಂಗ್ ಅಂತ ಇದ್ದರೆ ಬರೆಯುವ ಕಡೆ ಎಡವಿದೆ. ಫಿಫೋ ಅಂಡರ್‌ರನ್ ಅಂತ ಇದ್ದರೆ ಸಾಗಿಸುವವನ ಕೈಗೆ ಪಿಕ್ಸೆಲ್‌ಗಳು ಸಮಯಕ್ಕೆ ಸಿಕ್ಕಿಲ್ಲ.

ನನ್ನ ಸ್ಕ್ರೀನ್‌ಶಾಟ್ ಸ್ವಚ್ಛವಾಗಿತ್ತು. ಎಚ್‌ಡಿಎಂಐ ಹಾಕಿ ಟಿವಿಗೆ ಜೋಡಿಸಿದರೆ ಅಲ್ಲೂ ತೊಂದರೆ ಇರಲಿಲ್ಲ. ಇಂಥ ಲಕ್ಷಣಕ್ಕೆ ಮೊದಲು ಅನುಮಾನಿಸಬೇಕಾದದ್ದು ಪಿಎಸ್‌ಆರ್, ಅಂದರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್. 60 ಹರ್ಟ್ಸ್ ಪರದೆಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸಬೇಕು, ಅಲ್ವಾ? ನೀವು ಒಂದೇ ಪುಟವನ್ನು ಐದು ನಿಮಿಷ ಓದುತ್ತಿದ್ದರೂ ಅಷ್ಟೇ ಸಲ. ಬ್ಯಾಟರಿಗೆ ಅದು ದಂಡ. ಅದಕ್ಕೆ ಪ್ಯಾನೆಲ್ ಒಳಗೇ ಸ್ವಲ್ಪ ಮೆಮೊರಿ ಇಟ್ಟರು. ಚಿತ್ರ ಬದಲಾಗದಿದ್ದರೆ ಪ್ಯಾನೆಲ್ ತನ್ನ ಬಳಿ ಇರುವುದನ್ನೇ ತೋರಿಸುತ್ತಿರುತ್ತದೆ, ಆಚೆ ಕಡೆಯವರು ನಿದ್ದೆ ಹೋಗಬಹುದು. ಏನಾದರೂ ಬದಲಾದರೆ ಎಚ್ಚರವಾಗಬೇಕು. ಆ ಎಚ್ಚರ ತಡವಾದರೆ ಹಳೆಯ ಚಿತ್ರ ಉಳಿಯುತ್ತದೆ, ಪರದೆ ಮಿನುಗುತ್ತದೆ. ಪಿಎಸ್‌ಆರ್‌ನ ಎರಡನೇ ಪೀಳಿಗೆಯಲ್ಲಿ ಬದಲಾದ ಪಟ್ಟಿಯಷ್ಟನ್ನೇ ಕಳಿಸುವ ಸೌಲಭ್ಯವಿದೆ. ಅಲ್ಲಿ ಲೆಕ್ಕ ತಪ್ಪಿದರೆ ಒಂದು ಪಟ್ಟಿ ಮಾತ್ರ ಹಳೆಯದಾಗಿ ಕಾಣುತ್ತದೆ. ವೀಡಿಯೊ ಓಡುವಾಗ ನನ್ನ ಸ್ಕ್ರೀನ್ ಏಕೆ ಸರಿಹೋಗುತ್ತಿತ್ತು ಅಂತ ಆಗ ಹೊಳೆಯಿತು. ನಿದ್ದೆಗೇ ಅವಕಾಶ ಇರಲಿಲ್ಲ.

ಪರೀಕ್ಷೆ ಸುಲಭ. ಗ್ರಬ್ ಮೆನುವಿನಲ್ಲಿ ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಐ915 ಡಾಟ್ ಎನೇಬಲ್ ಅಂಡರ್‌ಸ್ಕೋರ್ ಪಿಎಸ್‌ಆರ್ = 0 ಎಂದು ನಡುವೆ ಜಾಗ ಬಿಡದೆ ಸೇರಿಸಿ. ಎಫ್10 ಒತ್ತಿ ಬೂಟ್ ಮಾಡಿ. ಇದು ಈ ಒಂದು ಬೂಟ್‌ಗೆ ಮಾತ್ರ, ಹಾಗಾಗಿ ಹೆದರಬೇಕಿಲ್ಲ. ಅಕ್ಷರ ತಪ್ಪಿದರೆ ಕರ್ನಲ್ ಬೂಟ್ ನಿಲ್ಲಿಸುವುದಿಲ್ಲ, ಆ ಆಯ್ಕೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ಪ್ರೋಕ್ ಫೋಲ್ಡರಿನ ಸಿಎಂಡಿಲೈನ್ ಫೈಲ್ ತೆರೆದು ನೀವು ಬರೆದದ್ದು ಸರಿಯಾಗಿ ಬಂದಿದೆಯೇ ನೋಡಿ.

ಇದು ಇಂಟೆಲ್‌ನ ಐ915 ಡ್ರೈವರ್‌ಗೆ. ನಿಮ್ಮದು ಯಾವುದು ಎಂದು ಎಲ್‌ಎಸ್‌ಪಿಸಿಐ ಹೈಫನ್ ಕೆ ಹೇಳುತ್ತದೆ. ಎಎಮ್‌ಡಿ ಆದರೆ ಎಎಮ್‌ಡಿಜಿಪಿಯು ಡಾಟ್ ಡಿಸಿಡೀಬಗ್‌ಮಾಸ್ಕ್ = 0ಎಕ್ಸ್10. ಎನ್‌ವಿಡಿಯಾ ಕಥೆ ಬೇರೆ. ಅಲ್ಲಿ ಬಹಳ ಸಲ ಹೊಸ ಕರ್ನಲ್‌ಗೆ ಅದರ ಮಾಡ್ಯೂಲ್ (ಕರ್ನಲ್ ಒಳಗೆ ಸೇರುವ ಡ್ರೈವರ್ ತುಣುಕು) ಕಟ್ಟಿಯೇ ಇರುವುದಿಲ್ಲ. ಅದನ್ನು ಕಟ್ಟುವ ಸಾಧನ ಡಿಕೆಎಂಎಸ್, ಡಿಕೆಎಂಎಸ್ ಸ್ಟೇಟಸ್ ಎಂಬ ಕಮಾಂಡ್ ಕೊಟ್ಟು ನೋಡಿ.

ಕೆಲವರು ಎಲ್ಲಕ್ಕೂ ನೋಮೋಡ್‌ಸೆಟ್ ಎಂಬ ಬೂಟ್ ಆಯ್ಕೆ ಹಾಕಿ ಅನ್ನುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅದು ಗ್ರಾಫಿಕ್ಸ್ ಡ್ರೈವರನ್ನೇ ಪಕ್ಕಕ್ಕೆ ಕೂರಿಸುತ್ತದೆ. ಪೂರ್ತಿ ಕಪ್ಪು ಪರದೆ ಬಂದಾಗ ಒಳಗೆ ಹೋಗಿ ರಿಪೇರಿ ಮಾಡಲು ಸಾಕು, ದಿನವೂ ಓಡಿಸಲು ಅಲ್ಲ.

ಪಿಎಸ್‌ಆರ್ ತೆಗೆದು ಸರಿಹೋದರೆ ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿ ಗ್ರಬ್ ಎಂಬ ಫೈಲಿಗೆ ಅದೇ ಆಯ್ಕೆ ಸೇರಿಸಿ, ಉಬುಂಟುವಿನಲ್ಲಿ ಸುಡೋ ಅಪ್‌ಡೇಟ್ ಹೈಫನ್ ಗ್ರಬ್ ಕೊಡಿ. ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ. ಮುಂದಿನ ಕರ್ನಲ್ ಬಂದಾಗ ತೆಗೆದು ನೋಡಿ. ನಾನು ಹಾಗೆ ತೆಗೆದಾಗ ತೊಂದರೆ ಮಾಯವಾಗಿತ್ತು.

ಆದರೆ ಎಲ್ಲ ಮಿನುಗೂ ಹೀಗೆ ಆರಾಮಾಗಿ ಕೂತು ಪರೀಕ್ಷೆ ಮಾಡುವಂಥದ್ದಲ್ಲ. 2022ರ ಸೆಪ್ಟೆಂಬರ್ ಕೊನೆಗೆ 5.19.12 ಕರ್ನಲ್ ಬಂದಾಗ ಇಂಟೆಲ್ ಗ್ರಾಫಿಕ್ಸ್ ಇರುವ ಕೆಲವು ಲ್ಯಾಪ್‌ಟಾಪ್‌ಗಳ ಪರದೆ ಬಿಳಿಯಾಗಿ ಮಿಂಚತೊಡಗಿತು. ಪ್ಯಾನೆಲ್‌ಗೆ ಕರೆಂಟ್ ಕೊಟ್ಟ ಮೇಲೆ ಇಷ್ಟು ಹೊತ್ತು ಕಾದು ಸಿಗ್ನಲ್, ಆಮೇಲೆ ಬ್ಯಾಕ್‌ಲೈಟ್ ಎಂಬ ಕ್ರಮವಿದೆ. ಆ ಕಾಯುವ ಸಮಯವೇ ತಪ್ಪಾಗಿ ಬರುತ್ತಿರಬಹುದು, ಪ್ಯಾನೆಲ್‌ಗೇ ಹಾನಿಯಾಗಬಹುದು ಎಂದು ಇಂಟೆಲ್‌ನ ಎಂಜಿನಿಯರ್ ವಿಲ್ಲೆ ಸುರ್ಯಾಲಾ ಎಚ್ಚರಿಸಿದರು. ಇಂಟೆಲ್ ಗ್ರಾಫಿಕ್ಸ್‌ನ ಲ್ಯಾಪ್‌ಟಾಪಿನಲ್ಲಿ ಆ ಕರ್ನಲ್ ಬಳಸಲೇಬೇಡಿ ಎಂದರು. ಅಕ್ಟೋಬರ್ ಮೊದಲ ವಾರದಲ್ಲೇ ಆ ಬದಲಾವಣೆಗಳನ್ನು ಹಿಂದಕ್ಕೆ ತೆಗೆದು 5.19.13 ಬಿಟ್ಟರು. ಹಾಗಾಗಿ ಇಡೀ ಪರದೆ ಜೋರಾಗಿ ಮಿಂಚುತ್ತಿದ್ದರೆ ಪ್ರಯೋಗ ಬೇಡ. ಆಫ್ ಮಾಡಿ, ಹಳೆಯ ಕರ್ನಲ್‌ಗೆ ಹೋಗಿ.

ದೂರು ಬರೆಯುವುದಾದರೆ "ಹೊಸ ಕರ್ನಲ್ ಸರಿಯಿಲ್ಲ" ಎಂದರೆ ಯಾರಿಗೂ ಉಪಯೋಗವಿಲ್ಲ. ಸರಿಯಿದ್ದ ಕೊನೆಯ ಆವೃತ್ತಿ, ಕೆಟ್ಟ ಮೊದಲ ಆವೃತ್ತಿ ಎರಡನ್ನೂ ಬರೆಯಿರಿ. ಒಂದು ದೊಡ್ಡ ಆವೃತ್ತಿಯಲ್ಲಿ ಹದಿಮೂರು ಸಾವಿರದಷ್ಟು ಬದಲಾವಣೆಗಳಿರುತ್ತವೆ. ಗಿಟ್ ಬೈಸೆಕ್ಟ್ ಎಂಬ ಸಾಧನ ಅನುಮಾನದ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹೋಗುವುದರಿಂದ ಸುಮಾರು 14 ಬೂಟ್‌ಗಳಲ್ಲಿ ಕಳ್ಳ ಸಿಗುತ್ತಾನೆ. ಪ್ರತಿ ಸಲವೂ ಕರ್ನಲ್ ಕಂಪೈಲ್ ಮಾಡಬೇಕು, ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದಕ್ಕೂ ಗಂಟೆಗಟ್ಟಲೆ ಹಿಡಿಯುತ್ತದೆ. ಶುರು ಮಾಡುವುದಾದರೆ ಶುಕ್ರವಾರ ರಾತ್ರಿ ಮಾಡಿ.