ಹಲ್ಲು ಎಣಿಸುವ ಮೊದಲು ಟೈರ್ ನೋಡಿ

"ಪಿಕಪ್ ಸಾಲ್ತಿಲ್ಲ ಅಣ್ಣಾ, ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಮ್ಮಿದು ಹಾಕಿಬಿಡಿ." ಕ್ವಾಡ್ (ನಾಲ್ಕು ದಪ್ಪ ಟೈರಿನ ಬೈಕ್) ತಂದು ನಿಲ್ಲಿಸಿ ಹೀಗೆನ್ನುವವರಿಗೆ ನನ್ನ ಮೊದಲ ಪ್ರಶ್ನೆ: ಹಿಂದಿನ ಟೈರ್ ಏನಾದರೂ ಬದಲಾಯಿಸಿದ್ರಾ?

ಯಮಹಾ ರ‍್ಯಾಪ್ಟರ್ 700 ತಗೊಳ್ಳಿ. ಸ್ಪ್ರಾಕೆಟ್ ಅಂದರೆ ಚೈನ್ ಓಡುವ ಹಲ್ಲಿನ ಚಕ್ರ, ಇಂಜಿನ್ ಕಡೆ ಒಂದು, ಹಿಂದಿನ ಆಕ್ಸಲ್ ಮೇಲೆ ಒಂದು. ಕಂಪನಿ ಕೊಡುವುದು ಮುಂದೆ 14 ಹಲ್ಲು, ಹಿಂದೆ 38. ಭಾಗಿಸಿದರೆ 2.71. ಮುಂದಿನದು ಅಷ್ಟು ಸುತ್ತು ತಿರುಗಿದರೆ ಹಿಂದಿನ ಆಕ್ಸಲ್ ಒಂದು ಸುತ್ತು. ಈ ಅಂಕಿ ಏರಿದರೆ ಎಳೆತ ಜಾಸ್ತಿ, ಟಾಪ್ ಸ್ಪೀಡ್ ಕಮ್ಮಿ. ಇಳಿದರೆ ಉಲ್ಟಾ.

ಈ ಗಾಡಿಗೆ ಹಿಂದೆ ಬರುವುದು 20 ಇಂಚಿನ ಟೈರ್. ಚೆಂದ ಕಾಣುತ್ತದೆ ಅಂತ 22 ಇಂಚಿನದು ಹಾಕಿಸಿದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಬೇಕು, 2.71 ಇದ್ದದ್ದು 2.47 ಆದ ಹಾಗೆ. ಸ್ಪ್ರಾಕೆಟ್ ಮುಟ್ಟದೆಯೇ ಎಳೆತ ಹೋಯ್ತು, ಅಲ್ವಾ? ಅದನ್ನು ವಾಪಸ್ ತರಲು 13/39 (ಮುಂದೆ 13, ಹಿಂದೆ 39) ಹಾಕಬೇಕು. ಹಲ್ಲು ಭಾಗಿಸಿದರೆ 3, ದೊಡ್ಡ ಟೈರ್ ಲೆಕ್ಕ ಹಿಡಿದರೆ 2.73ಕ್ಕೆ ಬರುತ್ತದೆ, ಅಂದರೆ ಹೆಚ್ಚುಕಮ್ಮಿ ಮೊದಲಿನಂತೆಯೇ.

ಮುಂದೆ ಒಂದು ಹಲ್ಲು ಕಳೆಯುವುದೂ ಹಿಂದೆ ಮೂರು ಕೂಡಿಸುವುದೂ ಲೆಕ್ಕದಲ್ಲಿ ಒಂದೇ. 13/38 ಅಂದರೆ 2.92, 14/41 ಅಂದರೆ 2.93. ಗಾಡಿಯಲ್ಲಿ ಮಾತ್ರ ಒಂದೇ ಅಲ್ಲ. ಮುಂದಿನದು ಅಗ್ಗ, ಹೆಚ್ಚಾಗಿ ಹಳೇ ಚೈನೇ ಸಾಕಾಗುತ್ತದೆ. ಆದರೆ ಸಣ್ಣ ಸ್ಪ್ರಾಕೆಟ್ ಮೇಲೆ ಚೈನ್ ಜಾಸ್ತಿ ಬಾಗುತ್ತದೆ, ಬೇಗ ಸವೆಯುತ್ತದೆ, ಸ್ವಿಂಗ್ ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರುವ ತೋಳು) ಮೇಲಿನ ಪ್ಲಾಸ್ಟಿಕ್ ಸ್ಲೈಡರನ್ನು ಉಜ್ಜುತ್ತದೆ. ಸ್ಲೈಡರ್ ಮುಗಿದರೆ ಮುಂದೆ ಕೊರೆಯುವುದು ಸ್ವಿಂಗ್ ಆರ್ಮನ್ನೇ. ಹಿಂದೆ 41 ಹಾಕಿದರೆ ಸ್ಪ್ರಾಕೆಟ್ ನೆಲದ ಕಡೆ ಸುಮಾರು 7.5 ಮಿಲಿಮೀಟರ್ ಇಳಿಯುತ್ತದೆ. ಮರಳಲ್ಲಿ ತೊಂದರೆಯಿಲ್ಲ. ಕಲ್ಲಿನ ದಾರಿಯಾದರೆ ಕೆಳಗೆ ಗಟ್ಟಿ ಗಾರ್ಡ್ ಇರಲೇಬೇಕು.

ನನ್ನನ್ನು ಕೇಳಿದರೆ, ಮೊದಲು ಮುಂದಿನದನ್ನು ಬದಲಿಸಿ ಓಡಿಸಿ ನೋಡಿ. ಸರಿ ಅನ್ನಿಸಿದರೆ ಚೈನ್ ಸೆಟ್ ಬದಲಿಸುವಾಗ ಅದೇ ಲೆಕ್ಕವನ್ನು ಹಿಂದಿನದರಲ್ಲಿ ತನ್ನಿ.

ಸುಮ್ನೆ "ಪಿಕಪ್ ಇಲ್ಲ" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಯಾವ ಗೇರಲ್ಲಿ ಅಂತ ಹೇಳಿ. ಶಾರ್ಜಾದ ಅಲ್ ಬದಾಯರ್ ದಿಬ್ಬಗಳಿಗೆ ಹೋಗುವ ನಮ್ಮ ಗಲ್ಫ್ ಕನ್ನಡಿಗರಿಗೆ ಇದು ಗೊತ್ತಿರುತ್ತದೆ: ಏರಿನಲ್ಲಿ ಎರಡನೇ ಗೇರ್ ಕಿರುಚುತ್ತದೆ, ಮೂರಕ್ಕೆ ಹಾಕಿದ ಕೂಡಲೇ ಇಂಜಿನ್ ಮಂಕಾಗುತ್ತದೆ, ಗಾಡಿ ಮರಳಲ್ಲಿ ಹೂತು ನಿಲ್ಲುತ್ತದೆ. ಆಗ ಒಂದು ಹಲ್ಲು ಕಳೆಯುವುದು ನ್ಯಾಯ. ಮೂರನೇ ಗೇರ್ ಏರನ್ನು ಎಳೆಯುತ್ತಿದ್ದರೆ ಯಾರು ಏನೇ ಹೇಳಲಿ, ಮುಟ್ಟಬೇಡಿ. ಕಾಡಿನ ಇಕ್ಕಟ್ಟು ದಾರಿಯಲ್ಲಿ ಮೊದಲನೇ ಗೇರಲ್ಲೂ ಅರ್ಧ ಕ್ಲಚ್ ಹಿಡಿದೇ ಹೋಗಬೇಕಾದರೂ ಒಂದು ಹಲ್ಲು ಕಳೆಯಿರಿ, ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಬಯಲಲ್ಲಿ ಐದನೇ ಗೇರ್ ಬೇಗ ಮುಗಿಯುತ್ತಿದ್ದರೆ ಮಾತ್ರ ಮುಂದೆ 15ರ ಯೋಚನೆ ಮಾಡಿ.

ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನ್ ಹಿಡಿದು ಎಳೆಯಿರಿ. ಅರ್ಧ ಹಲ್ಲು ಕಂಡರೆ ಆ ಚೈನ್ ಮುಗಿದಂತೆ, ಅದರ ಮೇಲೆ ಹೊಸ ಸ್ಪ್ರಾಕೆಟ್ ಕೂರಿಸಿದರೆ ದುಡ್ಡು ದಂಡ. ಅಂದ ಹಾಗೆ, ಬೆಲ್ಟ್ ಮತ್ತು ಶಾಫ್ಟ್ ಮೇಲೆ ಓಡುವ ಆಟೊಮ್ಯಾಟಿಕ್ ಗಾಡಿಗಳಿಗೆ ಈ ಹಲ್ಲಿನ ಲೆಕ್ಕ ಬರುವುದಿಲ್ಲ. ಅಲ್ಲಿ ನೋಡಬೇಕಾದ್ದು ಕ್ಲಚ್ಚಿನ ತೂಕ ಮತ್ತು ಸ್ಪ್ರಿಂಗ್.