ಅಡಾಪ್ಟಿವ್ ಮ್ಯೂಸಿಕ್: ಆಡುವವರಿಗಾಗಿ ಕಾಯುವ ಸಂಗೀತ

ಸಿನಿಮಾಗೆ ಹಿನ್ನೆಲೆ ಸಂಗೀತ ಮಾಡುವವರಿಗೆ ಬಾಗಿಲು ತೆರೆಯುವುದು ಎಷ್ಟನೇ ಸೆಕೆಂಡಿಗೆ ಅಂತ ಗೊತ್ತಿರುತ್ತದೆ. ಗೇಮ್‌ಗೆ ಮಾಡುವವರಿಗೆ ಅದೇ ಗೊತ್ತಿರುವುದಿಲ್ಲ. ಒಬ್ಬರು ಓಡಿಬಂದು ಐದೇ ಸೆಕೆಂಡಿನಲ್ಲಿ ತೆರೆಯುತ್ತಾರೆ. ಇನ್ನೊಬ್ಬರು ಸುಮ್ನೆ ಗೋಡೆ ನೋಡುತ್ತಾ ಹತ್ತು ನಿಮಿಷ ಅಲ್ಲೇ ಸುತ್ತುತ್ತಾರೆ. ಮತ್ತೊಬ್ಬರು ಗೇಮನ್ನು ಹಾಗೇ ಬಿಟ್ಟು ಊಟಕ್ಕೆ ಎದ್ದು ಹೋಗುತ್ತಾರೆ. ಮೂವರಿಗೂ ಸಂಗೀತ ಒಪ್ಪಬೇಕು. ಹೀಗೆ ಆಟದಲ್ಲಿ ಏನು ನಡೆಯುತ್ತಿದೆ ಅಂತ ನೋಡಿಕೊಂಡು ತಾನೇ ಬದಲಾಗುವ ಸಂಗೀತವೇ ಅಡಾಪ್ಟಿವ್ ಮ್ಯೂಸಿಕ್. ‘ಹೊಂದಿಕೊಳ್ಳುವ ಸಂಗೀತ’ ಅನ್ನಬಹುದು. ನನಗೆ ‘ಕಾಯುವ ಸಂಗೀತ’ ಅನ್ನುವುದೇ ಇಷ್ಟ.

ಇದು ಹೊಸದೇನಲ್ಲ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಇದ್ದದ್ದು ನಾಲ್ಕೇ ತಗ್ಗು ಸ್ವರ, ಅದೂ ಒಂದೇ ಸಮ ಸುತ್ತುತ್ತಿದ್ದವು. ಶತ್ರುಗಳು ಕಡಿಮೆಯಾದಷ್ಟೂ ಆ ಸುತ್ತಿನ ವೇಗ ಹೆಚ್ಚುತ್ತಿತ್ತು, ಆಡುವವರ ಎದೆಬಡಿತವೂ ಜೊತೆಗೇ. 1990ರ ‘ಸೂಪರ್ ಮಾರಿಯೋ ವರ್ಲ್ಡ್’ನಲ್ಲಿ ಮಾರಿಯೋ ಯೋಶಿ ಎಂಬ ಡೈನೋಸಾರ್‌ನ ಬೆನ್ನೇರಿದ ತಕ್ಷಣ ಅದೇ ಟ್ಯೂನ್‌ಗೆ ಬೊಂಗೋ ಡ್ರಮ್ಮಿನ ಬಡಿತ ಸೇರಿಕೊಳ್ಳುತ್ತದೆ, ಇಳಿದರೆ ನಿಲ್ಲುತ್ತದೆ. ಹೀಗೆ ಪದರದ ಮೇಲೆ ಪದರ ಹಾಕುವುದಕ್ಕೆ ವರ್ಟಿಕಲ್ ಲೇಯರಿಂಗ್ ಎನ್ನುತ್ತಾರೆ. ಒಂದು ತುಣುಕು ಮುಗಿದಾಗ ಸಂದರ್ಭ ನೋಡಿ ಮುಂದಿನದನ್ನು ಆರಿಸಿಕೊಳ್ಳುವುದು ಇನ್ನೊಂದು ದಾರಿ, ಅದು ಹಾರಿಜಾಂಟಲ್ ರೀಸೀಕ್ವೆನ್ಸಿಂಗ್. ಹೆಸರು ಭಾರ, ಕೆಲಸ ಸರಳ.

ನಾನು ಪಾಠ ಮಾಡುವ ಆರ್ಟ್ ಸ್ಕೂಲಿಗೂ ಇದಕ್ಕೂ ಏನು ಸಂಬಂಧ? ಮಾರುಕಟ್ಟೆಯ ಗೇಮ್‌ನಲ್ಲಿ ಸಂಗೀತ ಸಾಮಾನ್ಯವಾಗಿ ಆಟದ ಹಿಂದೆ ನಡೆಯುತ್ತದೆ. ಎಕ್ಸ್‌ಪೆರಿಮೆಂಟಲ್ ಗೇಮ್, ಅಂದರೆ ಪ್ರಯೋಗಕ್ಕೆಂದೇ ಮಾಡಿದ ಗೇಮ್, ಅದನ್ನು ತಿರುಗಿಸಿಬಿಡುತ್ತದೆ. 2013ರ ‘ಪ್ರೋಟಿಯಸ್’ನಲ್ಲಿ ಶತ್ರುವೂ ಇಲ್ಲ, ಅಂಕವೂ ಇಲ್ಲ. ಒಂದು ದ್ವೀಪದಲ್ಲಿ ನಡೆಯುತ್ತೀರಿ. ಮರ, ಕಪ್ಪೆ, ಮಳೆ ಒಂದೊಂದೂ ತನ್ನ ದನಿ ಸೇರಿಸುತ್ತದೆ. ನಡೆದದ್ದೇ ಸಂಗೀತ ಆಯಿತು, ಅಲ್ವಾ? ಪಾಠ ಶುರು ಮಾಡುವ ಮೊದಲು ವಿದ್ಯಾರ್ಥಿಗಳಿಗೆ ಇದನ್ನು ಆಡಿಸುತ್ತೇನೆ.

ಆಮೇಲೆ ಕೊಡುವ ಕೆಲಸ ಇಷ್ಟೇ: ಒಂದು ಕೋಣೆ, ಒಂದು ಬಾಗಿಲು, ಮೂರು ಪದರ ಸಂಗೀತ. ಸಂಗೀತ ಕಲಿತು ಬಂದವರೇ ಇಲ್ಲಿ ಜಾಸ್ತಿ ಒದ್ದಾಡುತ್ತಾರೆ. ಒಳ್ಳೆಯ ಟ್ಯೂನ್ ಕಟ್ಟುತ್ತಾರೆ, ಅದಕ್ಕೊಂದು ಚಂದದ ಮುಕ್ತಾಯ ಬೇರೆ! ಬಾಗಿಲ ಹತ್ತಿರ ಹೋಗದವನಿಗೆ ಆ ಮುಕ್ತಾಯ ಏಳು ಸಲ ಕೇಳುತ್ತದೆ.

ಮುಂದಿನ ತಲೆನೋವು ಲೂಪ್‌ನ, ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಸುತ್ತುವ ತುಣುಕಿನ, ಬೆಸುಗೆ. ಪಿಯಾನೋದ ಕೊನೆಯ ಸ್ವರ ಬಾರಿಸಿದ ಮೇಲೂ ಅದರ ಗುಂಗು ಉಳಿದಿರುತ್ತದೆ. ಫೈಲ್ ಅಲ್ಲಿಗೇ ಕತ್ತರಿಸಿ ಮೊದಲಿಗೆ ಹಾರಿದರೆ ಗುಂಗು ಪಟ್ಟನೆ ಸಾಯುತ್ತದೆ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಜಾಣರು ಆ ಗುಂಗನ್ನು ಕತ್ತರಿಸಿ ಫೈಲಿನ ಆರಂಭದ ಮೇಲೆ ಅಂಟಿಸುತ್ತಾರೆ. ಎರಡನೇ ಸುತ್ತಿನಿಂದ ಎಲ್ಲ ನುಣುಪು. ಆದರೆ ಮೊದಲ ಸುತ್ತಿನಲ್ಲಿ ಇನ್ನೂ ಬಾರಿಸದೇ ಇರುವ ಸ್ವರದ ಗುಂಗು ಕೇಳಿಬಿಡುತ್ತದೆ! ಅದಕ್ಕೆ ಮೊದಲ ಸುತ್ತಿಗೆ ಗುಂಗಿಲ್ಲದ ಬೇರೆ ಫೈಲ್ ಇಡಬೇಕು. ಇದನ್ನು ನಾನಾಗಿ ಹೇಳಿಕೊಡುವುದಿಲ್ಲ. ಅವರೇ ಎಡವಿ ಬೀಳುವವರೆಗೆ ಬಿಡುತ್ತೇನೆ. ಸ್ವಲ್ಪ ಕ್ರೂರ, ಒಪ್ಪಿಕೊಳ್ಳುತ್ತೇನೆ.

ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ಯಮದಲ್ಲಿ ಗೇಮ್‌ಗೆ ಸಂಗೀತ ಜೋಡಿಸಲು ಎಫ್‌ಮಾಡ್, ವೈಸ್ ಎಂಬ ಸಾಫ್ಟ್‌ವೇರ್ ಬಳಸುತ್ತಾರೆ. ತರಗತಿಗೆ ಉಚಿತವಾದ ಪ್ಯೂರ್ ಡೇಟಾ ಎಂಬ ಸಾಫ್ಟ್‌ವೇರ್ ಸಾಕು. ಪರದೆಯ ಮೇಲೆ ಡಬ್ಬಿಗಳನ್ನು ಇಟ್ಟು ದಾರದಂಥ ಗೆರೆಗಳಿಂದ ಜೋಡಿಸುತ್ತಾ ಹೋದರಾಯಿತು.

ಒಬ್ಬ ಹುಡುಗಿ ಈ ಕೆಲಸವನ್ನು ಪೂರಾ ಉಲ್ಟಾ ಮಾಡಿದಳು. ಆಡುವವರು ಓಡಾಡುತ್ತಿರುವಷ್ಟು ಹೊತ್ತು ಬರೀ ತಾಳ. ಒಂದು ನಿಮಿಷ ಅಲ್ಲಾಡದೆ ನಿಂತರೆ ಮಾತ್ರ ಟ್ಯೂನ್ ಬರುತ್ತದೆ. ತರಗತಿಯಲ್ಲಿ ಐದು ಜನ ಆಡಿದರು. ನಾಲ್ವರಿಗೆ ಅದು ಕೇಳಲೇ ಇಲ್ಲ. ಐದನೆಯವನು ಕಂಟ್ರೋಲರ್ ಕೆಳಗಿಟ್ಟು ನೀರು ಕುಡಿಯಲು ಎದ್ದಿದ್ದ. ಬೆನ್ನ ಹಿಂದೆ ಟ್ಯೂನ್ ಶುರುವಾದಾಗ ಬಾಟಲಿ ಹಿಡಿದುಕೊಂಡೇ ತಿರುಗಿ ನಿಂತ.