ನೇರವಾಗಿ ಕೇಳಿ, ಜೊತೆಯಲ್ಲೇ ಇರಿ

'ಆತ್ಮಹತ್ಯೆಯ ಮಾತು ಎತ್ತಬೇಡಿ ಡಾಕ್ಟರೇ, ಇಲ್ಲದ್ದನ್ನು ತಲೆಗೆ ತುಂಬಿದಂತಾಗುತ್ತದೆ' ಎಂದು ಮನೆಯವರು ನನ್ನನ್ನು ಬಾಗಿಲಲ್ಲೇ ತಡೆದು ಹೇಳುವುದುಂಟು. ಅಂಜಿಕೆ ಸಹಜ. ಆದರೆ ಕೇಳಿದ್ದರಿಂದ ಸಾಯುವ ಯೋಚನೆ ಹುಟ್ಟುವುದಿಲ್ಲ. ಒಬ್ಬರೇ ನುಂಗಿಕೊಂಡಿದ್ದ ನೋವಿಗೆ ಬಾಯಿ ಬರುತ್ತದೆ.

ಸುತ್ತಿಬಳಸಿ ಕೇಳಬೇಡಿ. 'ಹುಚ್ಚುಹುಚ್ಚಾಗಿ ಏನೂ ಯೋಚಿಸುತ್ತಿಲ್ಲ ತಾನೆ?' ಎಂದರೆ 'ಇಲ್ಲ' ಎನ್ನದೆ ಇನ್ನೇನು ಹೇಳಿಯಾರು? ಸಾಲದಲ್ಲಿ ಮುಳುಗಿ ಮಾತು ಬಿಟ್ಟ ತಮ್ಮನನ್ನು ಅಣ್ಣ ಕೇಳಬೇಕಾದದ್ದು ಇಷ್ಟೇ: 'ಸಾಯಬೇಕು ಅನ್ನಿಸುತ್ತಿದೆಯೇನಪ್ಪಾ?' ಅವನು ಹೌದೆಂದಾಗ ಎದೆ ಧಸಕ್ಕೆನ್ನುತ್ತದೆ. ಆ ಗಾಬರಿಯಲ್ಲೇ 'ಮಕ್ಕಳ ಮುಖವನ್ನಾದರೂ ನೋಡು' ಎಂದು ಬಾಯಿ ಮುಚ್ಚಿಸಿಬಿಡುತ್ತೇವೆ. ತಾನು ಮನೆಗೆ ಭಾರ ಎಂದುಕೊಂಡವನಿಗೆ ಆ ಮಾತು ಇನ್ನೊಂದು ಆರೋಪದಂತೆ ಕೇಳಿಸುತ್ತದೆ. ಬುದ್ಧಿಮಾತು ಆಮೇಲಿರಲಿ. 'ಯಾವಾಗಿನಿಂದ ಹೀಗನ್ನಿಸುತ್ತಿದೆ? ಹೇಗೆ ಎಂದೂ ಯೋಚಿಸಿದ್ದೀಯಾ?' ಎಂದು ಕೇಳಿ, ಹೇಳಿದಷ್ಟನ್ನೂ ಕೇಳಿಸಿಕೊಳ್ಳಿ.

ಎರಡನೆಯ ಪ್ರಶ್ನೆಯನ್ನು ಬಿಡಲೇಬಾರದು. ಈ ಆವೇಗ ಬಹಳ ಸಲ ಏರಿದಂತೆಯೇ ಇಳಿಯುತ್ತದೆ. ಆ ಹೊತ್ತು ದಾಟುವುದೇ ದೊಡ್ಡದು. ಬೆಳೆಗೆ ಹೊಡೆಯಲು ತಂದ ಔಷಧಿಯನ್ನು ಅಟ್ಟದ ಮೇಲಿಟ್ಟರೆ ಸಾಲದು, ಅಂದೇ ಮನೆಯಿಂದಾಚೆ ಸಾಗಿಸಿ. ಮಾತ್ರೆಗಳನ್ನು ಬೇರೆಯವರು ಇಟ್ಟುಕೊಂಡು ಆಯಾ ಹೊತ್ತಿನದನ್ನಷ್ಟೇ ಕೊಡಲಿ. ರಾತ್ರಿ ಯಾರಾದರೂ ಜೊತೆಯಲ್ಲಿ ಮಲಗಲಿ. ಯಾರಿಗೂ ಹೇಳಬಾರದೆಂಬ ಆಣೆಗೆ ಮಾತ್ರ ಒಪ್ಪಬೇಡಿ.

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆ ಉಚಿತ. ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ಏನು ಮಾಡಬೇಕೆಂದು ತೋಚದ ಮನೆಯವರೂ ಕರೆ ಮಾಡಬಹುದು. ಅಪಾಯ ಈಗಲೇ ಎದುರಿಗಿದ್ದರೆ ಅವರನ್ನು ಒಂಟಿಯಾಗಿ ಬಿಡದೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡವಾಗಿ ಬರುವವರನ್ನು ಕಂಡಾಗ ಸಂಕಟವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಇದನ್ನು ಓದುತ್ತಿರುವ ನಿಮಗೇ ಹಾಗನ್ನಿಸುತ್ತಿದ್ದರೆ, ಕಾರಣ ವಿವರಿಸುವ ಅಗತ್ಯವಿಲ್ಲ. ಅಕ್ಕನಿಗೋ ಗೆಳೆಯನಿಗೋ ಇಷ್ಟು ಹೇಳಿ: 'ನನಗೆ ಬದುಕುವುದು ಬೇಡ ಅನ್ನಿಸುತ್ತಿದೆ. ಈಗಲೇ ಬಾ, ಜೊತೆಯಲ್ಲಿರು.' ಬಾಯಿ ಬಾರದಿದ್ದರೆ ಮೊಬೈಲ್‌ನಲ್ಲಿ ಬರೆದು ಕಳಿಸಿ. ಅವರು ಫೋನ್ ಎತ್ತದಿದ್ದರೆ ಇನ್ನೊಬ್ಬರಿಗೆ ಮಾಡಿ, ಅಥವಾ ನೇರವಾಗಿ 14416ಕ್ಕೆ.